ನಮ್ಮ ಸ್ಕೇಲಿನಲ್ಲಿ ಎಂಬತ್ತು

4 ಆಗಸ್ಟ್ 2003, ಮೂಡಿಗೆರೆ

ತಿಂದದ್ದನ್ನೆಲ್ಲ ದಿನಾ ಬರೆದಿಡಬೇಕಂತೆ. ಮಂಗಳೂರಿನ ಆಸ್ಪತ್ರೆಯಲ್ಲಿ ಊಟದ ಪಾಠ ಹೇಳುವ ರಂಜನಾ ಎಂಬ ಹುಡುಗಿಯ ಆಜ್ಞೆ. ಇಪ್ಪತ್ತೈದು ವರ್ಷವಿದ್ದರೆ ಹೆಚ್ಚು, ಬೀಸುವ ಗಾಳಿಗೆ ಹಾರಿಹೋಗುವ ಹಾಗಿದ್ದಾಳೆ. "ಮನಸ್ಸಿಗೆ ಏನನ್ಸುತ್ತೋ ಅದನ್ನೂ ಬರೀರಿ ಆಂಟಿ" ಎಂದಳು. ಸರಿ, ಬರೆಯುತ್ತೇನೆ. ಅವಳಿಗೆ ಮಾತ್ರ ತೋರಿಸುವುದಿಲ್ಲ.

ಇವತ್ತು ಆಸ್ಪತ್ರೆಯ ನಡುಮನೆಯಂಥ ಜಾಗದಲ್ಲಿ, ಕುರ್ಚಿ ತುಂಬ ಜನ ಕೂತಿರುವಾಗ ನನ್ನನ್ನು ತೂಗಿದರು. ನರ್ಸು "ಶಿವಗಂಗಮ್ಮ, ತೊಂಬತ್ತೆರಡು" ಎಂದು ಕೂಗಿ ಹೇಳಿದಳು. ಹರಾಜಿಗೆ ನಿಲ್ಲಿಸಿದ ಹಾಗಾಯಿತು. ಸರ್ಜನ್ ಇನ್ನೂ ಒಂದು ಕೈ ಮೇಲೆ. ಎಂಬತ್ತಕ್ಕೆ ಇಳಿದರೆ ಕಿಡ್ನಿ ತೆಗೆಯುತ್ತಾರಂತೆ, ಅದಕ್ಕಿಂತ ಮೇಲಿದ್ದರೆ ಮುಟ್ಟುವುದಿಲ್ಲವಂತೆ. ಸಕ್ಕರೆ ಕಾಯಿಲೆ ಅಂಚಿನಲ್ಲಿದೆ, ಬಿ.ಪಿ. ಇದೆ. "ನಿಮ್ಮ ತಮ್ಮನ್ನ ಉಳಿಸೋಕೆ ಹೋಗಿ ನಿಮ್ಮನ್ನ ಮಲಗಿಸೋಕಾಗಲ್ಲಮ್ಮ" ಎಂದರು. ಡಿಸೆಂಬರ್ ಮೊದಲ ವಾರದವರೆಗೆ ಸಮಯ.

ತಮ್ಮ ಎಂದರೆ ಬಸವಪ್ರಸಾದ. ಜಾವಳಿಯ ಹತ್ತಿರ ಏಳೆಕರೆ ಕಾಫಿ ತೋಟ. ಎರಡೂ ಕಿಡ್ನಿ ಹೋಗಿವೆ. ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಾನೆ. ಮನೆಯಲ್ಲಿ ರಕ್ತ ಹೊಂದಿದ್ದು ನನ್ನದೊಂದೇ. ಹೊಂದದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಯೋಚಿಸಿದ್ದೇನೆ, ಬರೆಯುವುದಕ್ಕೇನು ನಾಚಿಕೆ.

ಇವನು ನನ್ನೊಡನೆ ಮಾತು ಬಿಟ್ಟು ನಾಲ್ಕು ವರ್ಷ. ನಮ್ಮ ಕಾಫಿ ಮಂಡಿಯ ಅಂಗಳದಲ್ಲಿ, ಬೆಳೆಗಾರರೆಲ್ಲ ಚೀಲ ಇಳಿಸುತ್ತಿರುವಾಗ, ನನ್ನ ಗಂಡನನ್ನು "ತೂಕ ಕದಿಯೋರು ನೀವು" ಎಂದ ಮಹಾನುಭಾವ. ಇನ್ನು ಈ ಹೊಸಿಲು ತುಳಿಯಬೇಡ ಎಂದು ನಾನೇ ಹೇಳಿ ಕಳಿಸಿದ್ದೆ. ಈಗ ಅವನು ಬಂದು ಕೇಳಲಿಲ್ಲ. ಅವನ ಹೆಂಡತಿ ನಾಗಶ್ರೀ ಬಂದು, ನೆಂಟರೆಲ್ಲ ಸೇರಿದ್ದ ದಿನ ನೋಡಿಕೊಂಡು, ಜಗಲಿಯಲ್ಲಿ ಅತ್ತಳು. ಅಷ್ಟು ಜನರ ಮುಂದೆ ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ತೂಕ ಇಳಿಯದೆ ಹೋದರೆ ತಪ್ಪು ನನ್ನದಲ್ಲ. ಡಾಕ್ಟರೇ ಬೇಡ ಎಂದ ಮೇಲೆ ಯಾರೂ ನನಗೆ ಬೆರಳು ತೋರಿಸುವ ಹಾಗಿಲ್ಲ.

6 ಆಗಸ್ಟ್

ಬೆಳಿಗ್ಗೆ ಹಮಾಲರು ಬರುವ ಮೊದಲೇ ಮಂಡಿಗೆ ಇಳಿದೆ. ಮನೆಯ ಕೆಳಗೇ ಮಂಡಿ. ಚೀಲ ತೂಗುವ ಕಬ್ಬಿಣದ ಸ್ಕೇಲಿನ ಹಲಗೆಯ ಮೇಲೆ ನಿಂತೆ. ಎದುರಿಗಿರುವ ಕಡ್ಡಿಗೆ ತೂಕದ ಬಟ್ಟು ನೇತುಹಾಕಿ, ಸಣ್ಣದನ್ನು ಸರಿಸುತ್ತಾ ಹೋದೆ. ಕಡ್ಡಿ ಸಮನಾದಾಗ ತೊಂಬತ್ತು. ಮತ್ತೆ ನೋಡಿದೆ, ತೊಂಬತ್ತೇ. ಎರಡು ದಿನ ಹೊಟ್ಟೆ ಕಟ್ಟಿದ್ದಕ್ಕೆ ಎರಡು ಕೆಜಿ.

ಇವರು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದರು. ನಾನು ತೊಂಬತ್ತು ಎಂದೆ. ಕೆಮ್ಮಿದರು. "ಅದರ ಮೇಲೆಲ್ಲ ಯಾಕೆ ಹತ್ತುತೀಯ ಮಾರಾಯ್ತಿ. ಚಿಕ್ಕಮಗಳೂರಿಂದ ಚಿಕ್ಕದೊಂದು ತರಿಸ್ಕೊಡ್ತೀನಿ, ಬಾತ್‌ರೂಮಲ್ಲಿ ಇಟ್ಕೊ" ಎಂದರು. ಇಡೀ ತಾಲ್ಲೂಕಿನ ಕಾಫಿ ತೂಗುವವರ ಮನೆಗೆ ಪ್ಲಾಸ್ಟಿಕ್ಕಿನ ಆಟದ ಸಾಮಾನು ಬೇರೆ ಕೇಡು. ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳುವ ಸ್ಕೇಲು ನಮ್ಮದು. ಬೇಡ ಎಂದೆ.

21 ಆಗಸ್ಟ್

ಎಂಬತ್ತೇಳು. ಬೆಳಿಗ್ಗೆ ಒಂದು ರಾಗಿ ರೊಟ್ಟಿ, ಮಧ್ಯಾಹ್ನ ಹಿಡಿ ಅನ್ನ, ಬೊಗಸೆ ತುಂಬ ಸೊಪ್ಪು. ರಾತ್ರಿ ತಿಂದದ್ದನ್ನು ಊಟ ಎನ್ನಲು ಮನಸ್ಸು ಬರುವುದಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಹ್ಯಾಂಡ್‌ಪೋಸ್ಟ್ ಸರ್ಕಲಿನವರೆಗೆ ನಡೆದು ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ "ಏನು ಗಂಗಕ್ಕ, ಜೀಪಿಲ್ವಾ" ಎಂದು ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದೆ.

1 ಸೆಪ್ಟೆಂಬರ್

ಎಂಬತ್ತೆಂಟೂವರೆ.

ಗೌರಿ ಹಬ್ಬಕ್ಕೆ ಒಂದು ಹೋಳಿಗೆ, ಗಣಪತಿ ಹಬ್ಬಕ್ಕೆ ಎರಡು ಕಡುಬು, ಎಲೆಯ ಮೂಲೆಯಲ್ಲಿ ಚೂರು ಉಪ್ಪಿನಕಾಯಿ. ಅಷ್ಟಕ್ಕೆ ಮೂರು ಕೆಜಿ ಏರಿದೆ. ಮೊನ್ನೆ ಎಂಬತ್ತೈದೂವರೆ ಇತ್ತು. ಮೂರು ಕೆಜಿ ಕಡುಬು ನಾನು ತಿಂದೆನೇ? ತಿಂದಿದ್ದರೆ ಕೊನೆಯ ಪಕ್ಷ ತಿಂದ ಸುಖವಾದರೂ ಇರುತ್ತಿತ್ತು. ಬೆಳಿಗ್ಗೆ ನೋಡಿದೆ, ಸ್ನಾನ ಮಾಡಿ ನೋಡಿದೆ, ಮಧ್ಯಾಹ್ನ ನೋಡಿದೆ, ಪ್ರತಿ ಸಲವೂ ಬೇರೆ ಬೇರೆ. ಸಂಜೆ ಎಂಬತ್ತೊಂಬತ್ತು. ಸ್ಕೇಲಿನ ಕಂಬಕ್ಕೆ ಕಾಲಲ್ಲಿ ಒದ್ದೆ. ಹೆಬ್ಬೆರಳು ಊದಿದೆ.

ರಂಜನಾಳಿಗೆ ಫೋನ್ ಮಾಡಿದೆ. "ದಿನಾ ನೋಡಬೇಡಿ ಆಂಟಿ, ವಾರಕ್ಕೊಂದ್ಸಲ, ಬೆಳಿಗ್ಗೆ ಖಾಲಿ ಹೊಟ್ಟೇಲಿ" ಎಂದಳು. ವಾರಕ್ಕೊಮ್ಮೆ ನೋಡುವಷ್ಟು ತಾಳ್ಮೆ ಇದ್ದಿದ್ದರೆ ತೊಂಬತ್ತೆರಡಕ್ಕೆ ಯಾಕೆ ಬರುತ್ತಿದ್ದೆ.

12 ಸೆಪ್ಟೆಂಬರ್

ಎಂಬತ್ತನಾಲ್ಕು. ಹಬ್ಬದ ಕೆಜಿಗಳು ಹೇಗೆ ಬಂದವೋ ಹಾಗೇ ಹೋದವು, ಹೇಳದೆ ಕೇಳದೆ.

26 ಸೆಪ್ಟೆಂಬರ್

ಎಂಬತ್ತನಾಲ್ಕು. ನಡುವೆ ಎಂಬತ್ತನಾಲ್ಕೂವರೆ, ಎಂಬತ್ಮೂರೂವರೆ, ಮತ್ತೆ ಎಂಬತ್ತನಾಲ್ಕು. ಎರಡು ವಾರದಿಂದ ಇಲ್ಲೇ ಬೇರು ಬಿಟ್ಟಿದೆ. ತಿನ್ನುವುದು ಅದೇ, ನಡೆಯುವುದು ಅದಕ್ಕಿಂತ ಹೆಚ್ಚು.

ಇದನ್ನೇ ಅಲ್ಲವೇ ನಾನು ಬಯಸಿದ್ದು? ಇಳಿಯಲಿಲ್ಲ, ನನ್ನ ತಪ್ಪಿಲ್ಲ ಎಂದು ಕೈತೊಳೆದುಕೊಳ್ಳಬಹುದು. ಆದರೆ ನನ್ನ ಮಾತು ಕೇಳದ ಒಂದು ಕಬ್ಬಿಣದ ಕಡ್ಡಿಯ ಮುಂದೆ ಸೋಲುವುದು ನನಗಾಗುವುದಿಲ್ಲ. ಬೇರೆ ಯಾವ ಕಾರಣವೂ ಅಲ್ಲ.

30 ಸೆಪ್ಟೆಂಬರ್

ಇನ್ನೊಂದು ರಕ್ತ ಪರೀಕ್ಷೆಗೆ ಪ್ರಸಾದ ಹೋಗುವ ಟ್ಯಾಕ್ಸಿಯಲ್ಲೇ ಹೋಗಬೇಕಾಯಿತು. ಕೊಟ್ಟಿಗೆಹಾರದವರೆಗೆ ಇಬ್ಬರೂ ಒಂದೊಂದು ಕಿಟಕಿ ನೋಡಿದೆವು. ನಾಗಶ್ರೀ ಮುಂದಿನ ಸೀಟಿನಲ್ಲಿ ಕೂತು ಡ್ರೈವರನ ಊರು, ಮಕ್ಕಳು ಎಲ್ಲ ವಿಚಾರಿಸಿದಳು. ಘಾಟಿಯಲ್ಲಿ ನನಗೆ ಬಾಯಾರಿ ಬಾಟಲಿ ಎತ್ತಿದೆ. ಅವನು ನೋಡುತ್ತಿದ್ದ. ಅವನಿಗೆ ದಿನಕ್ಕೆ ಮೂರು ಲೋಟ ಅಷ್ಟೇ ನೀರಂತೆ, ಔಷಧಿಯದ್ದೂ ಸೇರಿ. ಬಾಟಲಿ ಮುಚ್ಚಿ ಕೆಳಗಿಟ್ಟೆ.

ಆಸ್ಪತ್ರೆಯಲ್ಲಿ ಮೊದಲು ಅವನನ್ನು ತೂಗಿದರು. ಅರವತ್ತೊಂದು. ನಾಲ್ಕು ಗಂಟೆ ಮೆಷಿನ್ನಿಗೆ ಹಾಕಿ ಮತ್ತೆ ತೂಗಿದರು. ಐವತ್ತೆಂಟು. ನಾಲ್ಕು ಗಂಟೆಯಲ್ಲಿ ಮೂರು ಕೆಜಿ. ನನಗೆ ಹೊಟ್ಟೆ ಉರಿದುಹೋಯಿತು, ಅದು ಎಂಥ ಹೊಟ್ಟೆಕಿಚ್ಚು ಎಂದು ಆಮೇಲೆ ಹೊಳೆಯಿತು.

"ನಾಡಿದ್ದು ಮತ್ತೆ ಅರವತ್ತೊಂದು ಆಗ್ತದೆ" ಎಂದ. ನಾಲ್ಕು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. "ಅದು ನೀರು ಅಕ್ಕ. ಮಾಂಸ ಅಲ್ಲ, ಬೊಜ್ಜೂ ಅಲ್ಲ. ನಿಂದೂ ಹಂಗೇ. ಉಪ್ಪು ತಿಂದ್ರೆ ನೀರು ನಿಲ್ತದೆ. ನಾಗಶ್ರೀ ಹೇಳಿದ್ಲು. ಹಬ್ಬ ಮಾಡಿದ ಮಾರನೇ ದಿನ ಸ್ಕೇಲು ನೋಡಿ ಯಾಕೆ ಸಾಯ್ತೀಯ."

"ನಂಗೆ ಯಾರೂ ಪಾಠ ಹೇಳೋದು ಬೇಡ" ಎಂದೆ. ಹೇಳಿದ್ದು ಮಾತ್ರ ಸರಿಯಿತ್ತು. ಮಳೆಗಾಲದಲ್ಲಿ ಗೋದಾಮಿನಲ್ಲಿಟ್ಟ ಕಾಫಿ ಚೀಲ ತೇವ ಎಳೆದುಕೊಂಡು ತೂಕ ಏರುತ್ತದೆ. ಅದಕ್ಕೆ ಕಾಳು ಹೆಚ್ಚಾಯಿತು ಎಂದು ನಾವೆಂದೂ ದುಡ್ಡು ಕೊಟ್ಟವರಲ್ಲ. ಇಷ್ಟು ವರ್ಷ ಕಾಫಿ ಮನೆಯಲ್ಲಿದ್ದು ನನಗಿದು ಹೊಳೆಯಬಾರದಿತ್ತೇ.

ರಕ್ತ ತೊಳೆಯಲೆಂದು ಅವನ ಕುತ್ತಿಗೆಯಲ್ಲಿ ಒಂದು ನಳಿಗೆ ಹಾಕಿಬಿಟ್ಟಿದ್ದಾರೆ. ಅದನ್ನು ಟವೆಲಿನಲ್ಲಿ ಮುಚ್ಚಿಕೊಂಡು ತಿರುಗುತ್ತಾನೆ.

9 ಅಕ್ಟೋಬರ್

ಎಂಬತ್ತನಾಲ್ಕು. ದಸರೆಗೆ ಒಂದು ತುಂಡು ಸಿಹಿ ಮುಟ್ಟಲಿಲ್ಲ, ಆದರೂ.

ಜ್ವರವೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಡಾಕ್ಟರರ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲೊಂದು ಸಣ್ಣ ತೂಕದ ಮೆಷಿನ್. ಹತ್ತಿದರೆ ಎಂಬತ್ತಾರು ಎಂದಿತು. ಅದರ ಮುಳ್ಳು ಕುಡಿದವರ ಹಾಗೆ ತೂರಾಡುತ್ತದೆ. "ನಿಮ್ಮ ಮೆಷಿನ್ ಕೆಟ್ಟಿದೆ ಡಾಕ್ಟ್ರೇ" ಎಂದೆ. "ಹೋದ ತಿಂಗಳು ತಂದಿದ್ದಮ್ಮ" ಎಂದರು. ಹೊಸದಾದ ಮಾತ್ರಕ್ಕೆ ಸರಿಯಿರಬೇಕೆಂದೇನಿಲ್ಲ. ಮನೆಗೆ ಬಂದು ಇವರಿಗೆ ಹೇಳಿ ನಕ್ಕೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

22 ಅಕ್ಟೋಬರ್



ನಾಗಶ್ರೀ ಬಂದಿದ್ದಳು. ತೋಟದ ಕಿತ್ತಳೆ ಹಣ್ಣು ಇಟ್ಟಳು, ಕೂತಳು, ಸೆರಗು ತಿರುವಿದಳು. ಆಮೇಲೆ ಹೊರಗೆ ಬಂತು. "ಅತ್ತಿಗೆ, ತಪ್ಪು ತಿಳಿಬೇಡಿ. ತಿಂಗಳ ಮೇಲಾಯ್ತು, ಕೇಳಿದಾಗೆಲ್ಲ ಎಂಬತ್ನಾಲ್ಕು ಅಂತೀರ. ನಿಮಗೆ ಕೊಡೋಕೆ ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳಿಬಿಡಿ. ಗುಟ್ಟಾಗಿ ತಿಂದ್ಕೊಂಡು ನಮ್ಮನ್ನ ಕಾಯಿಸಬೇಡಿ."

ಗುಟ್ಟಾಗಿ ತಿನ್ನುವುದಂತೆ. ಬೆಳಿಗ್ಗೆಯಿಂದ ಒಂದು ರೊಟ್ಟಿ, ಒಂದು ಲೋಟ ಮಜ್ಜಿಗೆಯಲ್ಲಿ ನಿಂತಿದ್ದೆ. ಅಡುಗೆಮನೆಯಿಂದ ದೀಪಾವಳಿಗೆ ಕರಿದಿಟ್ಟ ಕಜ್ಜಾಯದ ಡಬ್ಬ ತಂದು ಅವಳ ತೊಡೆಯ ಮೇಲೆ ಕುಕ್ಕಿದೆ. "ಎಣಿಸ್ಕೊ. ಐವತ್ತು ಮಾಡಿದ್ದೆ. ಒಂದು ಕಮ್ಮಿ ಇದ್ರೆ ನಾಳೇನೇ ಮಂಗಳೂರಿಗೆ ಹೋಗಿ ತೂಕ ಗೀಕ ನೋಡ್ದೆ ಕೊಯ್ಯಿರಿ ಅಂತೀನಿ" ಎಂದೆ. ಅವಳು ಎಣಿಸಲಿಲ್ಲ. ಅತ್ತಳು. ಅತ್ತರೆ ನನಗೇನು. ಇಷ್ಟ ಇಲ್ಲವೆಂದು ಹೇಳಲು ಅವಳು ಯಾರು? ನನ್ನ ತಮ್ಮ ಅವನು, ಅವಳು ಬರುವ ಮೊದಲೇ.

ಅವಳು ಹೋಗುವಾಗ ನನ್ನ ರವಿಕೆಯ ತೋಳು ಹಿಡಿದು ನೋಡಿದಳು. ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ. "ಇದು ಯಾವಾಗಿಂದು" ಎಂದಳು. ಜೂನ್‌ನಲ್ಲಿ ಹೊಲಿಸಿದ್ದು. ಸೊಂಟದ ದಾರವೂ ಎರಡು ಗೇಣು ಉಳಿಯುತ್ತದೆ, ನಾನದನ್ನು ಗಮನಿಸಿಯೇ ಇರಲಿಲ್ಲ.

23 ಅಕ್ಟೋಬರ್

ರಂಜನಾ ಹೇಳಿದ್ದು: ತೂಕ ನಿಂತಾಗ ಟೇಪು ಹಿಡಿಯಬೇಕಂತೆ. ಮೈ ಒಳಗೇ ಬದಲಾಗುತ್ತಿರುತ್ತದೆ, ಸ್ಕೇಲಿಗೆ ಕಾಣುವುದಿಲ್ಲ. ಮೈ ಕಡಿಮೆ ಊಟಕ್ಕೆ ಒಗ್ಗಿಕೊಂಡು ಜಿಪುಣತನ ಮಾಡುತ್ತದಂತೆ, ಅದಕ್ಕೆ ಕೆಲಸ ಬದಲಿಸಬೇಕಂತೆ. ನಡಿಗೆ ಸಾಲದು, ಏರು ಹತ್ತಬೇಕು, ಭಾರ ಎತ್ತಬೇಕು. ಹುಡುಗಿಗೆ ತಲೆ ಇದೆ. ಇದನ್ನು ಅವಳಿಗೆ ಹೇಳುವುದಿಲ್ಲ.

ಸೊಂಟ ಆಗಸ್ಟಿಗಿಂತ ನಾಲ್ಕಿಂಚು ಕಡಿಮೆ.

11 ನವೆಂಬರ್

ಎಂಬತ್ತೆರಡೂವರೆ. ಕಡ್ಡಿ ಬಗ್ಗಿತು ಕಡೆಗೂ. ದಿನಾ ಬೆಳಿಗ್ಗೆ ಬಾವಿಯಿಂದ ಇಪ್ಪತ್ತು ಕೊಡ ಸೇದುತ್ತೇನೆ, ನಲ್ಲಿ ಇದ್ದರೂ. ಗುಡ್ಡದ ಬಸವಣ್ಣನ ಗುಡಿಯವರೆಗೆ ಏರು ಹತ್ತುತ್ತೇನೆ. ಪೂಜಾರಿ ನನಗೆ ಭಕ್ತಿ ಹೆಚ್ಚಿದೆ ಎಂದುಕೊಂಡಿದ್ದಾರೆ.

ಸಂಜೆ ಪ್ರಸಾದನಿಗೆ ಫೋನ್ ಮಾಡಿ ಹೇಳಿದೆ. "ಎರಡೂವರೆ ಉಳಿದದೆ" ಎಂದೆ. "ಸಾಕು ಮಾರಾಯ್ತಿ, ನೀನೇ ಬಿದ್ದೋಗ್ತೀಯ" ಎಂದ. ದನಿ ಬಾವಿಯಿಂದ ಬಂದ ಹಾಗಿತ್ತು. ಕುತ್ತಿಗೆಯ ನಳಿಗೆಗೆ ಕೀವು ಹಿಡಿದಿದೆಯಂತೆ, ನಾಗಶ್ರೀ ಆಮೇಲೆ ಹೇಳಿದಳು. ಆಪರೇಷನ್ ಬೇಗ ಆಗದಿದ್ದರೆ ಆ ಜಾಗವೂ ಕೆಡುತ್ತದೆ, ಆಮೇಲೆ ರಕ್ತ ತೊಳೆಯಲು ಮೈಯಲ್ಲಿ ಬೇರೆ ಜಾಗ ಹುಡುಕಬೇಕು, ಅದೂ ಸಿಗುವುದು ಕಷ್ಟ.

ರಾತ್ರಿಯ ರೊಟ್ಟಿ ಬಿಟ್ಟೆ.

1 ಡಿಸೆಂಬರ್

ಎಂಬತ್ತು.

ಇಳಿದು ಮತ್ತೆ ಹತ್ತಿದೆ. ಎಂಬತ್ತು. ಮಂಡಿಯ ಲೆಕ್ಕ ಬರೆಯುವ ರೈಟರ್ ಕೃಷ್ಣಪ್ಪ ಬೀಗದ ಕೈ ಹಿಡಿದು ಬರುತ್ತಿದ್ದರು, ಅವರನ್ನೇ ಕರೆದು ಓದಿಸಿದೆ. "ಎಂಬತ್ತು ಅಮ್ಮಾವ್ರೆ" ಎಂದು ನೆಲ ನೋಡಿದರು. ಹೆಂಗಸಿನ ತೂಕ ಓದಲು ನಾಚಿಕೊಂಡರು ಎಂದುಕೊಂಡೆ.

ಇವರು ಮಾತ್ರ "ಆಸ್ಪತ್ರೆಗೆ ಹೋಗೋದು ಇನ್ನೊಂದು ವಾರ ಬಿಟ್ಟು ಹೋಗೋಣ" ಎಂದರು. ಯಾಕೆ ಎಂದರೆ ಕಾರಣವಿಲ್ಲ. ಸೀಜನ್ ಶುರುವಾಗಿದೆ, ಜನ ಸಾಲದು, ಅದೂ ಇದೂ. ನಾನು ಒಬ್ಬಳೇ ಹೋಗಬಲ್ಲೆ ಎಂದೆ.

4 ಡಿಸೆಂಬರ್

ಎಂಬತ್ತೆರಡು.

ಆಸ್ಪತ್ರೆಯಲ್ಲಿ ಸ್ವೆಟರ್ ತೆಗೆದೆ, ಬಳೆ ತೆಗೆದೆ, ಸರ ತೆಗೆದು ನಾಗಶ್ರೀ ಕೈಗೆ ಕೊಟ್ಟೆ. ಎಂಬತ್ತೆರಡು. ರಂಜನಾಳ ಕೋಣೆಯ ಮೆಷಿನ್ನಿನಲ್ಲೂ ಎಂಬತ್ತೆರಡು. "ಮನೇಲಿ ಎಂಬತ್ತಿತ್ತು, ಮೂರು ದಿನದ ಹಿಂದೆ ಎಂಬತ್ತಿತ್ತು" ಎಂದು ಸಿಕ್ಕವರಿಗೆಲ್ಲ ಹೇಳಿದೆ. ಸರ್ಜನ್ ಫೈಲು ಮುಚ್ಚಿದರು. ಅನುಮತಿ ಕೊಡುವ ಸಮಿತಿಗೆ ಈ ವಾರ ನನ್ನ ಹೆಸರು ಕಳಿಸುವುದಿಲ್ಲ. ಅದು ಮತ್ತೆ ಸೇರುವುದು ತಿಂಗಳ ಕೊನೆಗೆ. ಆಪರೇಷನ್ನಿನ ದಿನ ಬೇರೆಯವರಿಗೆ ಹೋಯಿತು.

ಪ್ರಸಾದ ಬೆಂಚಿನ ಮೇಲೆ ಕೂತಿದ್ದ. ಮುಖ ಊದಿತ್ತು. ನಾನು ಅವನಿಗೂ ಅದನ್ನೇ ಹೇಳಿದೆ, ಮನೆಯಲ್ಲಿ ಎಂಬತ್ತಿತ್ತು ಎಂದು.

"ಇತ್ತು ಅಕ್ಕ, ಸುಳ್ಳಲ್ಲ" ಎಂದ. "ನಮ್ಮ ಚೀಲಕ್ಕೂ ಹಂಗೇ ಆಗ್ತಿತ್ತು. ನಮ್ಮನೇಲಿ ಐವತ್ತು, ನಿಮ್ಮಲ್ಲಿ ನಲವತ್ತೆಂಟು ಮುಕ್ಕಾಲು."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿಗೆ ಬೇಕಾದ ಶಕ್ತಿ ಅವನಲ್ಲಿರಲಿಲ್ಲ. ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೊದಲ ದಿನ ತೊಂಬತ್ತೆರಡು ತೊಂಬತ್ತಾದದ್ದು, ಕ್ಲಿನಿಕ್ಕಿನ ಎಂಬತ್ತಾರು ನಮ್ಮಲ್ಲಿ ಎಂಬತ್ತನಾಲ್ಕಾದದ್ದು, ಎಲ್ಲ ಒಟ್ಟಿಗೆ ಬಂದು ನನ್ನ ಮುಖಕ್ಕೆ ಬಡಿಯಿತು.

5 ಡಿಸೆಂಬರ್

ಇವರನ್ನು ಮಂಡಿಯ ಕಚೇರಿಯಲ್ಲೇ ಹಿಡಿದೆ. ಬಾಗಿಲು ಹಾಕಿ, ತೂಕದ ಬಟ್ಟು ತಂದು ಮೇಜಿನ ಮೇಲಿಟ್ಟೆ. ತಿರುಗಿಸಿದರೆ ತಳದಲ್ಲಿ ಸೀಸ ಕುಡಿಸಿದೆ, ಮೇಲೆ ಕಪ್ಪು ಬಣ್ಣ. ಬಟ್ಟು ಭಾರವಾದಷ್ಟೂ ಹಲಗೆಯ ಮೇಲಿನ ಚೀಲ ಹಗುರ.

"ಮುದ್ರೆ ಹಾಕೋ ದಿನ?" ಎಂದೆ.

"ಆ ದಿನಕ್ಕೆ ಬೇರೆ ಸೆಟ್ ಇದೆ" ಎಂದರು. ಮುಚ್ಚುಮರೆ ಇಲ್ಲ. "ಎಲ್ಲರೂ ಮಾಡೋದೇ ಕಣೇ. ತೇವ, ಧೂಳು, ಗೋಣಿ, ಎಲ್ಲ ಯಾರ ಮೇಲೆ ಹಾಕೋದು? ನಮ್ಮಪ್ಪನ ಕಾಲದಿಂದ ಇದೆ."

"ನನ್ನ ತಮ್ಮನ ಚೀಲಕ್ಕೂ?"

"ಸ್ಕೇಲಿಗೆ ನೆಂಟ್ರು ಯಾರು ಅಂತ ಗೊತ್ತಾಗ್ತದಾ?"

"ನಾನು ಹತ್ತಿದ್ದು ನೋಡಿದ್ರಲ್ಲ. ನಾಲ್ಕು ತಿಂಗಳು ನೋಡಿದ್ರಿ."

ಅದಕ್ಕೆ ತಲೆ ತಗ್ಗಿಸಿದರು. "ಬೇರೆ ತರಿಸ್ತೀನಿ ಅಂದೆ, ನೀನು ಬೇಡ ಅಂದೆ. ದಿನಾ ಖುಷಿಯಾಗಿ ಮೇಲೆ ಬರ್ತಿದ್ದೆ. ಹೇಗೆ ಹೇಳೋದು? ಇನ್ನೆರಡು ಕೆಜಿ ತಾನೇ, ಅಷ್ಟೊತ್ತಿಗೆ ಇಳೀತದೆ ಅಂದ್ಕೊಂಡೆ."

ನಾಲ್ಕು ವರ್ಷ ಒಬ್ಬ ಒಡಹುಟ್ಟಿದವನ ಮುಖ ನೋಡದೆ ಇದ್ದದ್ದು ಈ ಮನುಷ್ಯನ ಮಾತು ನಂಬಿ. ಊರಿಗೆಲ್ಲ ಹೇಳುತ್ತೇನೆ ಎಂದೆ. ಆಗ ತಲೆ ಎತ್ತಿದರು. ಆಸ್ಪತ್ರೆಯ ಸಮಿತಿಯ ಮುಂದೆ ಹೆಂಡತಿಯ ಕಿಡ್ನಿಗೆ ಗಂಡ ಒಪ್ಪಿ ಸಹಿ ಹಾಕಬೇಕು, ಅದು ಇಬ್ಬರಿಗೂ ಗೊತ್ತು. "ಈ ವಿಷಯ ಬಾಯಿ ಬಿಟ್ರೆ ನಾನು ಮಂಗಳೂರಿಗೆ ಬರೋದಿಲ್ಲ" ಎಂದರು. ದನಿ ಏರಿಸಲೂ ಇಲ್ಲ.

ಬಟ್ಟನ್ನು ಅದರ ಜಾಗಕ್ಕೆ ಇಟ್ಟು ಮೇಲೆ ಬಂದೆ. ಬಾಯಿ ಮುಚ್ಚಿಕೊಂಡಿರುತ್ತೇನೆ. ಅವನು ಬದುಕಲಿ ಮೊದಲು.

13 ಡಿಸೆಂಬರ್

ಈಗ ಕ್ಲಿನಿಕ್ಕಿನ ಮೆಷಿನ್ನಿನಲ್ಲಿ ತೂಗಿಕೊಳ್ಳುತ್ತೇನೆ, ವಾರಕ್ಕೊಂದೇ ಸಲ. ಎಂಬತ್ತೊಂದೂವರೆ. ಹೋದ ವಾರ ಎಂಬತ್ತೆರಡು. ಅದರ ಮುಳ್ಳು ತೂರಾಡುವುದು ನಾನು ಅಲುಗಾಡುವುದರಿಂದ, ಸುಮ್ಮನೆ ನಿಂತರೆ ಅದೂ ಸುಮ್ಮನೆ ನಿಲ್ಲುತ್ತದೆ.

ಮನೆಯಲ್ಲಿ ಇವರಿಗೆ ಬಡಿಸುತ್ತೇನೆ. ಬಡಿಸಿ ಅಡುಗೆಮನೆಗೆ ಹೋಗಿ ಕೂರುತ್ತೇನೆ.

20 ಡಿಸೆಂಬರ್

ಎಂಬತ್ತೊಂದು ಮುಕ್ಕಾಲು. ಏರಿದೆ. ಸಿಟ್ಟು ಬರಲಿಲ್ಲ. ನಿನ್ನೆ ನಾಗಶ್ರೀ ತಂದ ಮಾವಿನಮಿಡಿ ಉಪ್ಪಿನಕಾಯಿ ತಿಂದಿದ್ದೆ, ನೀರು ನಿಂತಿದೆ, ಎರಡು ದಿನದಲ್ಲಿ ಹೋಗುತ್ತದೆ. ಏರು ಹತ್ತುವುದನ್ನು ಎರಡು ಹೊತ್ತು ಮಾಡಿದೆ. ಪ್ರಸಾದ ಆಸ್ಪತ್ರೆಯಲ್ಲೇ ಇದ್ದಾನೆ, ನಳಿಗೆ ಬದಲಿಸಿ ಇನ್ನೊಂದು ಕಡೆ ಹಾಕಿದ್ದಾರೆ. ಇದೂ ಕೆಟ್ಟರೆ ಮುಂದೇನು ಎಂದು ನಾಗಶ್ರೀಯನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

29 ಡಿಸೆಂಬರ್

ಎಂಬತ್ತು. ಆಸ್ಪತ್ರೆಯ ಮೆಷಿನ್ನಿನಲ್ಲಿ, ಸೀರೆ ಬಳೆ ಎಲ್ಲ ಸೇರಿ. ರಂಜನಾ ನನ್ನನ್ನು ತಬ್ಬಿಕೊಂಡಳು. ಅವಳ ಎಲುಬು ಚುಚ್ಚಿತು.

ಸಮಿತಿಯವರು ಸ್ವಂತ ಇಷ್ಟದಿಂದ ಕೊಡುತ್ತಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಯಾರದಾದರೂ ಒತ್ತಾಯವಿದೆಯೇ ಎಂದರು. ಇಲ್ಲ ಎಂದೆ. ಆಗಸ್ಟಿನಲ್ಲಿ ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನೆನಪಾಗುತ್ತಿಲ್ಲ. ಇವರು ಪಕ್ಕದಲ್ಲಿ ಕೂತು ಸಹಿ ಹಾಕಿದರು, "ಶ್ರೀ ಓಂಕಾರಮೂರ್ತಿ, ಕಾಫಿ ವರ್ತಕರು" ಎಂದು. ಜನವರಿ ಆರಕ್ಕೆ ದಾಖಲಾಗಬೇಕು, ಎಂಟಕ್ಕೆ ಆಪರೇಷನ್.

5 ಜನವರಿ 2004

ಬೆಳಿಗ್ಗೆ ಮೊದಲು ಕ್ಲಿನಿಕ್ಕಿಗೆ ಹೋದೆ. ಎಂಬತ್ತು. ಡಾಕ್ಟರರನ್ನು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡೆ.

ವಾಪಸು ಬರುವಾಗ ಮಂಡಿಯ ಅಂಗಳ ತುಂಬಿತ್ತು. ಪಿಕಪ್ಪು, ಜೀಪು, ಟ್ರ್ಯಾಕ್ಟರು. ಇಪ್ಪತ್ತು ಮೂವತ್ತು ಜನ ಬೆಳೆಗಾರರು. ಹಲಗೆಯ ಮೇಲೆ ಜಾವಳಿ ಕಡೆಯ ವಸಂತಮ್ಮನ ಚೀಲ ಇತ್ತು. ಗಂಡ ಸತ್ತ ಮೇಲೆ ಮೂರೆಕರೆ ತೋಟ ತಾನೇ ನೋಡಿಕೊಳ್ಳುವ ಹೆಂಗಸು. ಕೃಷ್ಣಪ್ಪ ತೂಕ ಕೂಗಿ ಬರೆದುಕೊಳ್ಳುತ್ತಿದ್ದರು. ಇವರು ಕುರ್ಚಿಯಲ್ಲಿದ್ದರು.

"ಆ ಚೀಲ ಸ್ವಲ್ಪ ಇಳಿಸಿ" ಎಂದೆ ಹಮಾಲರಿಗೆ. ಇಳಿಸಿದರು. ಚಪ್ಪಲಿ ಬಿಟ್ಟು ಹಲಗೆ ಹತ್ತಿದೆ.

"ಗಂಗಾ, ಎಂಥದಿದು, ಇಳಿ" ಎಂದರು ಇವರು.

"ಈಗ ಕ್ಲಿನಿಕ್ಕಲ್ಲಿ ತೂಗಿಸ್ಕೊಂಡು ಬಂದೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನನ್ನ ತೂಕ ಎಂಬತ್ತು ಕೆಜಿ. ಚೀಟಿ ಇಲ್ಲಿದೆ, ಮಂಗಳೂರು ಆಸ್ಪತ್ರೇಲೂ ಅದೇ ಬರೆದಿದ್ದಾರೆ. ಕೃಷ್ಣಪ್ಪನೋರೆ, ತೂಗಿ. ಗಟ್ಟಿಯಾಗಿ ಓದಿ."

ಕೃಷ್ಣಪ್ಪ ಇವರ ಮುಖ ನೋಡಿದರು. ಆಗಸ್ಟಿನಲ್ಲಿ ನರ್ಸು ನನ್ನ ತೂಕ ಕೂಗಿದಾಗ ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಇವತ್ತು ಅಷ್ಟು ಗಂಡಸರ ನಡುವೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದೆ, ಅಲುಗಾಡದೆ. ಕೃಷ್ಣಪ್ಪ ಬಟ್ಟು ಹಾಕಿದರು, ಸರಿಸಿದರು, ಕಡ್ಡಿ ಸಮನಾಯಿತು.

"ಎಪ್ಪತ್ತೆಂಟು" ಎಂದರು.

ವಸಂತಮ್ಮ ಹತ್ತಿರ ಬಂದು ಕಡ್ಡಿಯನ್ನು ತಾನೇ ಬಗ್ಗಿ ನೋಡಿದಳು. ಆಮೇಲೆ ಹಮಾಲನಿಗೆ, "ನನ್ನ ಚೀಲ ಜೀಪಿಗೆ ಹಾಕಪ್ಪ" ಎಂದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ನಾನು ನೋಡಲಿಲ್ಲ, ಇಳಿದು ಚಪ್ಪಲಿ ಹಾಕಿಕೊಂಡು ಮೇಲೆ ಬಂದೆ.

ಸ್ವಲ್ಪ ಹೊತ್ತಿಗೆ ಇವರು ಬಂದರು. ಇಷ್ಟು ಬೆಳ್ಳಗಾದ ಮುಖ ನಾನು ನೋಡಿರಲಿಲ್ಲ. "ಸಹಿ ಹಾಕಿದ್ದೀನಿ ಅಂತ ಧೈರ್ಯ ಅಲ್ವಾ" ಎಂದರು. "ನಾಳೆ ಬಂದು ನನಗೆ ಒಪ್ಪಿಗೆ ಇಲ್ಲ ಅಂತ ಈಗಲೂ ಹೇಳಬಹುದು ನಾನು."

"ಹೇಳಿ" ಎಂದೆ. "ಯಾಕೆ ಇಲ್ಲ ಅಂತ ಡಾಕ್ಟ್ರು ಕೇಳ್ತಾರೆ. ಅದನ್ನೂ ಹೇಳಿ."

ನಿಂತರು. ಕೆಳಗೆ ಒಂದೊಂದೇ ಗಾಡಿ ಸ್ಟಾರ್ಟ್ ಆಗಿ ಹೋಗುವ ಸದ್ದು ಕೇಳುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತರು, ನನ್ನ ಕಡೆ ನೋಡಲಿಲ್ಲ.

ಪ್ರಸಾದನಿಗೆ ಫೋನ್ ಮಾಡಿ ನಾಳೆ ಎಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಹೇಳಿದೆ. ನಡೆದದ್ದನ್ನು ಹೇಳಲಿಲ್ಲ, ವಸಂತಮ್ಮನ ಬಾಯಿಂದ ಜಾವಳಿಗೆ ತಲುಪಿ ಅಲ್ಲಿಂದ ಅವನಿಗೆ ಹೇಗೂ ತಲುಪುತ್ತದೆ. ಇವರ ಮುಂದೆ ತಟ್ಟೆ ಇಟ್ಟೆ, ಮುಟ್ಟಲಿಲ್ಲ. ನಾನು ಉಂಡೆ. ಎರಡು ರೊಟ್ಟಿ, ಬಟ್ಟಲು ತುಂಬ ಪಲ್ಯ, ಮಜ್ಜಿಗೆ. ತಿಂದದ್ದನ್ನು ಬರೆಯಬೇಕೆಂದು ರಂಜನಾ ಹೇಳಿದ್ದಳು, ಅದಕ್ಕೆ ಬರೆದಿದ್ದೇನೆ.